ಸೆರೆಮನೆ ಮಾವನ ಮನೆಯೆ?

‘ಈಗಿನ ಜೇಲೆಂದರೆ ಮಾವನ ಮನೆ, ಹೊತ್ತಿಗೆ ಸರಿಯಾಗಿ ರೊಟ್ಟಿ’ ಎಂಬ ಮಾತು ಹೊನವಾಡದ ಕಟ್ಟೆಯ ಮೇಲೂ ನಿಮ್ಮ ಕಿವಿಗೆ ಬಿದ್ದೀತು. ಮಳೆ ನಂಬಿ ದುಡಿಯುವ ರೈತನಿಗೆ ಹಾಗೆ ತೋರುವುದು ಸಹಜ. ಆದರೆ ವಿಜಯಪುರದ ದರ್ಗಾ ಜೇಲಿನಲ್ಲಿರುವವನು ಹೆತ್ತ ತಾಯಿಯ ಮಣ್ಣಿಗೆ ಬರಬೇಕಾದರೂ ಅಪ್ಪಣೆ ಬೇಕು. ಶಿಕ್ಷೆಯೆಂದರೆ ಈ ಸ್ವಾತಂತ್ರ್ಯಹರಣವೇ. ಕಠಿಣ ಸಜೆಯಾದರೆ ದುಡಿಮೆಯೂ ಸೇರುತ್ತದೆ. ಅದರಾಚೆಯ ಯಾತನೆಯನ್ನು ನ್ಯಾಯಾಧೀಶರು ಬರೆದಿರುವುದಿಲ್ಲ. ಜೇಲಿನವರು ಸೇರಿಸುವಂತೆಯೂ ಇಲ್ಲ.

ಬೆಳಗಾವಿಯ ಸೆರೆಮನೆಯಲ್ಲಿ ಗಲ್ಲುಶಿಕ್ಷೆಯ ಕೈದಿಯೊಬ್ಬನನ್ನು ಸುಮಾರು 10 ವರುಷ ಒಂಟಿಕೋಣೆಯಲ್ಲಿ ಇಟ್ಟಿದ್ದರು. ಅವನ ಅಪರಾಧ ಘೋರವಾದುದೇ. ಆದರೂ ಕಾಯ್ದೆ ಒಪ್ಪದ ಆ ಒಂಟಿವಾಸವನ್ನು ಗಣನೆಗೆ ತಂದು, 2022ರಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಕನಿಷ್ಠ 30 ವರುಷದ ಸೆರೆವಾಸಕ್ಕೆ ಇಳಿಸಿತು. ಸಲ್ಲದ ಕಠೋರತೆಯಿಂದ ಶಿಕ್ಷೆ ಬಲಗೊಳ್ಳಲಿಲ್ಲ, ಸಡಿಲಾಯಿತು!

ಹಣವುಳ್ಳ ಕೈದಿಗೆ ಒಳಗೆ ಸುಖ ಸಿಕ್ಕಿತೆಂದರೆ ನಿಮಗೆ ಸಿಟ್ಟು ಬರುವುದು ನ್ಯಾಯವೇ. ಆ ಕಳ್ಳಬಾಗಿಲನ್ನು ಮುಚ್ಚಬೇಕು. ಅದಕ್ಕಾಗಿ ಬಡವನ ರೊಟ್ಟಿ ಕಸಿಯಬೇಕಿಲ್ಲ. ಇನ್ನೂ ಒಂದು ಮಾತು ನೆನಪಿರಲಿ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಅಪರಾಧವೇ ಸಿದ್ಧವಾಗದವನಿಗೆ ‘ಸಾಕಷ್ಟು ಶಿಕ್ಷೆ’ ಎಷ್ಟೆಂದು ಹೇಳುವಿರಿ?