ಮಗಳ ರಕ್ತದಿಂದ ತೊಳೆಯುವ ಮಾನ ಯಾವುದು?

(ಸಿಂದಗಿಯಲ್ಲಿ ಸೇರಿದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ಕಡೆಯಿಂದ ತಾವು ಇಲ್ಲಿಗೆ ಬಂದಿದ್ದೀರಿ. ಹೊರಗಿನವರು ನಮ್ಮ ಜಿಲ್ಲೆಯನ್ನು ಎರಡು ಕಾರಣಗಳಿಗಾಗಿ ನೆನೆಯುತ್ತಾರೆ. ಒಂದು ಗೋಲಗುಂಬಜ್, ಇನ್ನೊಂದು ಭೀಮಾ ತೀರದ ಕೊಲೆಗಳು. ಎರಡನೆಯದರ ಮೇಲೆ 2012ರಲ್ಲಿ ಸಿನಿಮಾವೇ ಬಂದಿತು. 2017ರ ಆಗಸ್ಟ್‌ನಲ್ಲಿ ವಿಜಯಪುರದ ನ್ಯಾಯಾಲಯದ ಆವರಣದಲ್ಲಿಯೇ ಬಾಗಪ್ಪ ಹರಿಜನನ ಮೇಲೆ ಗುಂಡು ಹಾರಿತು. ಅಂದು ಬದುಕುಳಿದ ಆತ 2025ರ ಫೆಬ್ರವರಿಯಲ್ಲಿ ವಿಜಯಪುರ ನಗರದಲ್ಲಿ ಹತನಾದನು. 2017ರ ಅಕ್ಟೋಬರ್ 30ರಂದು ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಬಲಿಯಾದನು. ಆ ಸಂದರ್ಭದಲ್ಲಿ ಕಣ್ಮರೆಯಾದ ಆತನ ಸಹೋದರನ ಕೊಲೆ ಪ್ರಕರಣದಲ್ಲಿ ಮರುವರ್ಷ ಸಿಐಡಿ ಪೊಲೀಸರನ್ನೇ ಬಂಧಿಸಿತು. ಒಂದು ಹೆಣಕ್ಕೆ ಇನ್ನೊಂದು ಹೆಣ ಎಂಬ ಈ ಲೆಕ್ಕ ತಲೆಮಾರುಗಳಿಂದ ನಡೆಯುತ್ತಾ ಬಂದಿದೆ.

ಈ ಸುದ್ದಿಗಳನ್ನು ಓದುವಾಗ ನಾವು ತಲೆಯಾಡಿಸಿ, 'ಅದು ಗೂಂಡಾಗಳ ಲೋಕ, ಮರ್ಯಾದಸ್ಥರಾದ ನಮಗೂ ಅದಕ್ಕೂ ಏನು ಸಂಬಂಧ' ಎಂದು ಪತ್ರಿಕೆಯನ್ನು ಮಡಚಿಡುತ್ತೇವೆ. ಆದರೆ ನಾವು ಇಂದು ಮಾತನಾಡಬೇಕೆಂದಿರುವುದು ಮರ್ಯಾದಸ್ಥರು ಮಾಡಿದ ಕೊಲೆಗಳ ಬಗ್ಗೆ. ಅವುಗಳಿಗೆ ನಾಡ ಪಿಸ್ತೂಲು ಬೇಕಾಗಲಿಲ್ಲ, ಸುಪಾರಿ ಬೇಕಾಗಲಿಲ್ಲ. ಮನೆಯಲ್ಲಿರುವ ಸೀಮೆಎಣ್ಣೆ, ಹೊಲದ ಬದುವಿನ ಕಲ್ಲು ಇಷ್ಟೇ ಸಾಕಾಯಿತು.

2017ರ ಜೂನ್ ತಿಂಗಳು, ಪವಿತ್ರ ರಮಝಾನಿನ ದಿನಗಳು. ಅಂದಿನ ಮುದ್ದೇಬಿಹಾಳ ತಾಲೂಕಿನ ಗುಂಡಕನಾಳ ಗ್ರಾಮದಲ್ಲಿ 21ರ ಹರೆಯದ ಮುಸ್ಲಿಮ್ ಯುವತಿಯೊಬ್ಬಳನ್ನು ಬೆಂಕಿ ಹಚ್ಚಿ ಕೊಲ್ಲಲಾಯಿತು. ಆಕೆ ತುಂಬು ಗರ್ಭಿಣಿಯಾಗಿದ್ದಳು. ಆಕೆ ಮಾಡಿದ ಅಪರಾಧವೆಂದರೆ ಅದೇ ಊರಿನ ದಲಿತ ಯುವಕನನ್ನು ವಿವಾಹವಾದದ್ದು. ಊರು ಬಿಟ್ಟು ಹೋಗಿದ್ದ ದಂಪತಿಗಳು, ಮಗು ಬರುವ ಸುದ್ದಿಯಿಂದಲಾದರೂ ಮನೆಯವರ ಮನಸ್ಸು ಕರಗೀತೆಂಬ ಆಸೆಯಿಂದ ಹಿಂದಿರುಗಿದ್ದರು. ಪತಿ ಏಟು ತಿಂದು, ಪೊಲೀಸರ ನೆರವು ತರಲು ಓಡಿದ. ಆತ ಮರಳುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ವರ್ಷಗಳ ವಿಚಾರಣೆಯ ಬಳಿಕ ವಿಜಯಪುರದ ಸೆಷನ್ಸ್ ನ್ಯಾಯಾಲಯವು ಆಕೆಯ ಇಬ್ಬರು ಸಹೋದರರಿಗೆ ಮರಣದಂಡನೆಯನ್ನೂ, ಮನೆಯ ಹೆಂಗಸರೂ ಸೇರಿದಂತೆ ಇತರ ಐವರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು.

ನಾಲ್ಕು ವರ್ಷಗಳ ನಂತರ, 2021ರ ಜೂನ್ 22ರಂದು, ಹಿಂದೆ ಸಿಂದಗಿ ತಾಲೂಕಿನಲ್ಲಿದ್ದು ಈಗ ದೇವರ ಹಿಪ್ಪರಗಿ ತಾಲೂಕಿಗೆ ಸೇರಿರುವ ಸಲಾದಹಳ್ಳಿಯಲ್ಲಿ ಇನ್ನೊಂದು ಜೋಡಿ ಕೊಲೆ ನಡೆಯಿತು. ಹುಡುಗಿ ಮುಸ್ಲಿಮ್, ಹುಡುಗ ದಲಿತ. ಇಬ್ಬರೂ ಆಗಷ್ಟೇ ಹರೆಯಕ್ಕೆ ಕಾಲಿಟ್ಟವರು. ಇಬ್ಬರನ್ನೂ ಕಲ್ಲಿನಿಂದ ಜಜ್ಜಿ ಕೊಲ್ಲಲಾಯಿತು. ಪೊಲೀಸರು ಆರೋಪ ಹೊರಿಸಿದ್ದು ಹುಡುಗಿಯ ತಂದೆ, ಸಹೋದರ ಮತ್ತು ಸಂಬಂಧಿಕರ ಮೇಲೆ.

ಇದಾದ ಮೂರು ತಿಂಗಳಿಗೆ, 2021ರ ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದ ರೈಲು ಹಳಿಯ ಮೇಲೆ ಮುಸ್ಲಿಮ್ ಯುವಕನೊಬ್ಬನ ಛಿದ್ರಗೊಂಡ ಶವ ಸಿಕ್ಕಿತು. ಆತ ಹಿಂದೂ ಯುವತಿಯೊಬ್ಬಳನ್ನು ಪ್ರೀತಿಸಿದ್ದ. ಯುವತಿಯ ಹೆತ್ತವರೂ ಸೇರಿದಂತೆ ಹಲವರನ್ನು ಪೊಲೀಸರು ಬಂಧಿಸಿದರು. ಆಗ ನಮ್ಮ ಸಮುದಾಯ ಎದ್ದು ನಿಂತಿತು. ನ್ಯಾಯ ಬೇಕೆಂದು ಒತ್ತಾಯಿಸಿತು, ಮನವಿ ಪತ್ರಗಳನ್ನು ಕೊಟ್ಟಿತು. ಅದು ಸರಿಯಾದ ಕೆಲಸವೇ ಆಗಿತ್ತು. ಆದರೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಖಾನಾಪುರದ ತಾಯಿಯ ಕಣ್ಣೀರನ್ನು ಕಂಡ ನಮಗೆ ಸಲಾದಹಳ್ಳಿಯ ದಲಿತ ತಾಯಿಯ ಕಣ್ಣೀರು ಏಕೆ ಕಾಣಲಿಲ್ಲ? ನಮ್ಮವನು ಸತ್ತಾಗ ಅದು ಅನ್ಯಾಯ, ನಮ್ಮವರು ಕೊಂದಾಗ ಅದು 'ಮನೆಯ ವಿಷಯ' ಎನ್ನುವುದಾದರೆ, ನಾವು ನ್ಯಾಯದ ಪರ ನಿಂತವರಲ್ಲ, ಬಿರಾದರಿಯ ಪರ ನಿಂತವರು. ನಿಮ್ಮ ವಿರುದ್ಧವೇ ಆದರೂ, ನಿಮ್ಮ ಹೆತ್ತವರ, ಬಂಧುಗಳ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಗಳಾಗಿರಿ ಎಂಬುದು ಸೂರಃ ಅನ್ನಿಸಾದಲ್ಲಿ ವಿಶ್ವಾಸಿಗಳಿಗೆ ನೀಡಲಾದ ಆಜ್ಞೆಯಾಗಿದೆ.

ಇಂತಹ ಕೊಲೆಗಳು ಯಾವುದೋ ಒಂದು ಧರ್ಮದವರ ಸೊತ್ತಲ್ಲ. 2019ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ದಲಿತ ಯುವಕನನ್ನು ಮದುವೆಯಾಗಿದ್ದ ಯುವತಿಯನ್ನು ಪತಿಯೊಂದಿಗೆ ಆಕೆಯ ಸಹೋದರರೇ ಕೊಂದರು. ಬಸವನ ಬಾಗೇವಾಡಿಯಿಂದ ಬಂದವರಿಗೆ ಇನ್ನೂ ಹಳೆಯ ಕತೆ ಗೊತ್ತಿದೆ. ಆ ಊರಿನಲ್ಲಿ ಹುಟ್ಟಿದ ಬಸವಣ್ಣನವರ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತೆಂದು ಶರಣರ ಪರಂಪರೆ ಹೇಳುತ್ತದೆ. ಎಂಟು ಶತಮಾನ ಕಳೆದರೂ ಶಿಕ್ಷೆ ಬದಲಾಗಲಿಲ್ಲ. ಅಂದು ಅದನ್ನು ವಿಧಿಸಿದವನು ಅರಸ, ಇಂದು ವಿಧಿಸುತ್ತಿರುವವರು ಒಡಹುಟ್ಟಿದವರು.

ಎಲ್ಲರಲ್ಲೂ ಇದೆಯೆಂಬುದು ನಮಗೆ ಸಮಾಧಾನವಾಗಬಾರದು. ಇತರರ ಬಳಿ ಇಲ್ಲದ ಮಾರ್ಗದರ್ಶನ ತಮ್ಮ ಬಳಿ ಇದೆಯೆಂದು ಹೇಳಿಕೊಳ್ಳುವವರು ನಾವು. ಆದ್ದರಿಂದ ಆ ಮಾರ್ಗದರ್ಶನ ಏನನ್ನುತ್ತದೆಂದು ನೋಡೋಣ.

ಕೆಲವರು ನಮ್ಮ ಬಳಿ ಬಂದು ಹೇಳುತ್ತಾರೆ: 'ಮೌಲಾನಾ, ಕೊಂದದ್ದು ತಪ್ಪೇ. ಆದರೆ ಆ ಹುಡುಗಿ ಮಾಡಿದ್ದೂ ಶರೀಅತ್‌ಗೆ ವಿರುದ್ಧವಲ್ಲವೇ?' ಮುಸ್ಲಿಮ್ ಹೆಣ್ಣಿನ ವಿವಾಹದ ಕುರಿತು ಶರೀಅತ್‌ನ ವಿಧಿ ಏನೆಂಬುದು ಎಲ್ಲರಿಗೂ ತಿಳಿದಿದೆ. ಅದನ್ನು ಬದಲಿಸಲು ನಾವು ಇಲ್ಲಿ ನಿಂತಿಲ್ಲ. ಆದರೆ ಆ ವಿಧಿಯನ್ನು ಮೀರಿದವರನ್ನು ಕೊಲ್ಲಿರಿ ಎಂದು ಯಾವ ತಂದೆಗೆ, ಯಾವ ಅಣ್ಣನಿಗೆ ಶರೀಅತ್ ಅಧಿಕಾರ ಕೊಟ್ಟಿದೆ? ಶಿಕ್ಷೆಯೆಂಬುದು ಸಾಕ್ಷ್ಯ, ವಿಚಾರಣೆ ಮತ್ತು ನ್ಯಾಯಾಧೀಶನ ವ್ಯಾಪ್ತಿಗೆ ಸೇರಿದ್ದು. ಹೆಣ್ಣಿನ ಚಾರಿತ್ರ್ಯದ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತಾರದವನಿಗೇ ಛಡಿಯೇಟಿನ ಶಿಕ್ಷೆಯನ್ನು ಸೂರಃ ಅನ್ನೂರ್ ವಿಧಿಸುತ್ತದೆ. ಬಾಯಿಮಾತಿನ ಆರೋಪಕ್ಕೇ ಇಷ್ಟು ಕಠಿಣವಾದ ಧರ್ಮ, ಗರ್ಭದೊಳಗಿನ ಕೂಸನ್ನೂ ತಾಯಿಯೊಂದಿಗೆ ಸುಡಲು ಅನುಮತಿ ಕೊಟ್ಟೀತೇ?

ಇಸ್ಲಾಮ್ ಬರುವುದಕ್ಕೆ ಮುನ್ನ ಅರಬರು ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದರು. ಬಡತನದ ಭಯದಂತೆಯೇ ಮಾನದ ಭಯವೂ ಅದಕ್ಕೆ ಕಾರಣವಾಗಿತ್ತು. ಅಂತ್ಯದಿನದಂದು ಆ ಮಗುವನ್ನೇ ಕರೆದು, ಯಾವ ಅಪರಾಧಕ್ಕಾಗಿ ಕೊಲ್ಲಲ್ಪಟ್ಟೆಯೆಂದು ಕೇಳಲಾಗುವುದೆಂದು ಸೂರಃ ಅತ್ತಕ್ವೀರ್ ಎಚ್ಚರಿಸುತ್ತದೆ. ಇಲ್ಲಿ ಗಮನಿಸಬೇಕಾದುದು ಪ್ರಶ್ನೆಯ ರೀತಿ. ಕೊಂದ ತಂದೆಗೆ ವಿವರಣೆ ಕೊಡುವ ಅವಕಾಶವಿಲ್ಲ. ಮಾತನಾಡುವ ಅವಕಾಶ ಸಿಗುವುದು ಸತ್ತವಳಿಗೆ.

ಇನ್ನು ಸೇಡಿನ ವಿಷಯ. ಪ್ರವಾದಿ(ಸ)ರು ತಮ್ಮ ವಿದಾಯದ ಹಜ್ಜ್‌ನಲ್ಲಿ ಜಾಹಿಲಿಯ್ಯತ್ತಿನ ಎಲ್ಲ ರಕ್ತದ ಸೇಡುಗಳನ್ನೂ ರದ್ದುಗೊಳಿಸಿದರು. ಮೊದಲು ರದ್ದುಗೊಳಿಸಿದ್ದು ಬೇರೆಯವರದ್ದಲ್ಲ, ಸ್ವತಃ ತಮ್ಮ ಮನೆತನದ, ತಮ್ಮ ಬಂಧು ರಬೀಅಃ ಬಿನ್ ಹಾರಿಸ್‌ರ ಪುತ್ರನ ಕೊಲೆಯ ಸೇಡನ್ನು. ಭೀಮಾ ತೀರದ ಕೊಲೆಗಾರನೂ ಗುಂಡಕನಾಳದ ಕೊಲೆಗಾರರೂ ಮೂಲದಲ್ಲಿ ಬೇರೆಯಲ್ಲ. 'ನನ್ನ ಮಾನ ಹೋಯಿತು, ಅದನ್ನು ರಕ್ತದಿಂದಲೇ ಪಡೆಯಬೇಕು' ಎಂಬುದು ಇಬ್ಬರ ನಂಬಿಕೆಯೂ ಹೌದು. ಅರಫಾತ್‌ನಲ್ಲಿ ಪ್ರವಾದಿ(ಸ)ರು ಕಾಲಡಿಯಲ್ಲಿ ಹಾಕಿ ತುಳಿದದ್ದು ಇದೇ ನಂಬಿಕೆಯನ್ನು.

ಸಹೋದರರೇ, ಇನ್ನೊಂದು ಕಹಿ ಸತ್ಯವಿದೆ. ನಮ್ಮ ಹುಡುಗರು ಅನ್ಯಧರ್ಮೀಯ ಹುಡುಗಿಯನ್ನು ಕರೆತಂದಾಗ ನಮ್ಮ ಮನೆಗಳಲ್ಲಿ ಕೊಡಲಿ ಹೊರಬರುವುದಿಲ್ಲ. ನಾಲ್ಕು ದಿನ ಸಿಟ್ಟು, ಐದನೆಯ ದಿನ ಬಿರಿಯಾನಿ. ಧರ್ಮದ ಕಾಳಜಿಯೇ ಕಾರಣವಾಗಿದ್ದರೆ ಕುಡಿಯುವ, ಬಡ್ಡಿ ತಿನ್ನುವ, ನಮಾಝ್ ಬಿಟ್ಟ ಮಗನ ಮೇಲೂ ಅದೇ ಕೋಪ ಬರಬೇಕಿತ್ತು. ಬರುವುದಿಲ್ಲ. ಗುಂಡಕನಾಳ, ಸಲಾದಹಳ್ಳಿಗಳೆರಡರಲ್ಲೂ ಹುಡುಗ ದಲಿತನಾಗಿದ್ದನು. ಆತ ನೂರು ಎಕರೆಯ ಗೌಡರ ಮನೆಯವನಾಗಿದ್ದರೆ ಕೈ ಮೇಲೇಳುತ್ತಿತ್ತೇ ಎಂದು ನಮ್ಮ ಎದೆಯ ಮೇಲೆ ಕೈಯಿಟ್ಟು ಕೇಳಿಕೊಳ್ಳೋಣ. ಕರಿಯ ಗುಲಾಮರಾಗಿದ್ದ ಬಿಲಾಲ್(ರ)ರನ್ನು ಕಾಬಾದ ಮೇಲೇರಿಸಿ ಅಝಾನ್ ಕೊಡಿಸಿದ ಪ್ರವಾದಿ(ಸ)ರ ಸಮುದಾಯವು ಈ ನೆಲದ ಜಾತಿಯ ವಿಷವನ್ನು ನೀರಿನಂತೆ ಕುಡಿದಿದೆ. ಅದಕ್ಕೆ 'ಇಜ್ಜತ್' ಎಂಬ ಉರ್ದು ಹೆಸರಿಟ್ಟ ಮಾತ್ರಕ್ಕೆ ಅದು ಇಸ್ಲಾಮ್ ಆಗುವುದಿಲ್ಲ.

ಕಾನೂನು ಇದನ್ನು ತಡೆಯಲಾರದೇ ಎಂದು ತಾವು ಕೇಳಬಹುದು. ಕಾನೂನಿನ ಒಂದು ದೊಡ್ಡ ತೊಡಕೇನೆಂದರೆ ಇಲ್ಲಿ ಕೊಂದವರೂ ಸತ್ತವರೂ ಸಾಕ್ಷಿಗಳೂ ಒಂದೇ ಮನೆಯವರು. ಪಾಕಿಸ್ತಾನದಲ್ಲಿ 2016ರ ಜುಲೈಯಲ್ಲಿ ಕಂದೀಲ್ ಬಲೋಚ್ ಎಂಬ ಯುವತಿಯನ್ನು ಸಹೋದರನೇ ಕೊಂದಾಗ, ಕುಟುಂಬದ ಕ್ಷಮೆಯಿಂದ ಕೊಲೆಗಾರ ಪಾರಾಗುವುದನ್ನು ತಡೆಯಲು ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿತು. ಆದರೂ 2022ರಲ್ಲಿ, ತಾಯಿ ಕ್ಷಮಿಸಿದ ಬಳಿಕ, ಮೇಲಿನ ನ್ಯಾಯಾಲಯದಲ್ಲಿ ಆತ ಬಿಡುಗಡೆ ಹೊಂದಿದನು. ನಮ್ಮ ದೇಶದಲ್ಲಿ ಕ್ಷಮೆಯ ಆ ದಾರಿ ಇಲ್ಲ. ಆದರೆ ಸಾಕ್ಷಿಗಳು ತಿರುಗಿಬಿದ್ದರೆ ಫಲಿತಾಂಶ ಅದೇ. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಪ್ರಾಯಕ್ಕೆ ಬಂದ ಇಬ್ಬರ ವಿವಾಹಕ್ಕೆ ಕುಟುಂಬದ ಅಥವಾ ಪಂಚಾಯತಿಯ ಒಪ್ಪಿಗೆ ಅಗತ್ಯವಿಲ್ಲವೆಂದು ಸಾರಿತು. ಅಪಾಯದಲ್ಲಿರುವ ಜೋಡಿಗಳಿಗಾಗಿ ಜಿಲ್ಲೆಗಳಲ್ಲಿ ವಿಶೇಷ ಘಟಕ, ಸುರಕ್ಷಿತ ವಸತಿ ಇರಬೇಕೆಂದೂ ನಿರ್ದೇಶಿಸಿತು. ಇತ್ತ 1954ರ ವಿಶೇಷ ವಿವಾಹ ಕಾಯ್ದೆಯು 30 ದಿನಗಳ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತದೆ. ಓಡಿಹೋದವರ ಸುಳಿವು ಹುಡುಕುವವರಿಗೆ ಅದೇ ಸಾಕು. 'ಏಕೆ ಓಡಿಹೋದರು, ರಿಜಿಸ್ಟರ್ ಮಾಡಬಹುದಿತ್ತಲ್ಲ' ಎನ್ನುವವರು ಇದನ್ನು ಅರಿಯಬೇಕು.

ಆದರೆ ಪೊಲೀಸರು ಬರುವುದು ಕೊನೆಗೆ. ಅದಕ್ಕೆ ಮುನ್ನ ವಿಷಯ ಗೊತ್ತಾಗುವುದು ನಮಗೆ. ಮನೆಯಲ್ಲಿ ಹುಡುಗಿಯ ಫೋನು ಕಿತ್ತುಕೊಂಡದ್ದು, ಕಾಲೇಜು ಬಿಡಿಸಿದ್ದು, ಅವಸರದಲ್ಲಿ ಗಂಡು ಹುಡುಕುತ್ತಿರುವುದು ಓಣಿಗೆಲ್ಲ ತಿಳಿಯುತ್ತದೆ. 'ನಾಕ್ ಮಂದ್ಯಾಗ ಹ್ಯಾಂಗ ತಲಿ ಎತ್ತಿ ತಿರಗಲಿ' ಎಂದು ಆ ತಂದೆ ಕುದಿಯುತ್ತಿರುತ್ತಾನೆ. ಆ ನಾಲ್ಕು ಮಂದಿ ಯಾರು? ನಾವೇ. ಮಸೀದಿಯ ಜಗಲಿಯಲ್ಲಿ, ಚಹಾದ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಆತನನ್ನು ಚುಚ್ಚುವವರು ನಾವು. ಆತನ ಕೈಗೆ ಕಲ್ಲು ಕೊಡುವುದು ನಮ್ಮ ನಾಲಗೆ. ನ್ಯಾಯಾಲಯದ ದೋಷಾರೋಪ ಪಟ್ಟಿಯಲ್ಲಿ ನಮ್ಮ ಹೆಸರಿರುವುದಿಲ್ಲ, ಆದರೆ ಇನ್ನೊಂದು ಪಟ್ಟಿಯಲ್ಲಿ ಇರುತ್ತದೆ.

ಆದ್ದರಿಂದ ಈ ನಾಲ್ಕೂ ತಾಲೂಕುಗಳ ಜಮಾಅತ್‌ಗಳಿಗೆ, ಅಂಜುಮನ್‌ಗಳಿಗೆ ನಾವು ಕೆಲವು ಕೆಲಸಗಳನ್ನು ಒಪ್ಪಿಸುತ್ತೇವೆ. ಮೊದಲನೆಯದಾಗಿ, ಈ ವಿಷಯ ಜುಮಾ ಖುತ್ಬಾದಲ್ಲಿ ಬರಲಿ. ಕೊಲೆ ನಡೆದ ಮೇಲೆ ಅಲ್ಲ, ನಡೆಯುವ ಮುನ್ನ. ಎರಡನೆಯದಾಗಿ, ಮಗಳ ವಿವಾಹದ ಮಾತು ಬಂದಾಗ ಆಕೆಯ ಒಪ್ಪಿಗೆಯನ್ನು ನಿಕಾಹ್‌ನ ದಿನ ಪರದೆಯ ಹಿಂದಿನಿಂದ ಕೇಳುವ ಶಾಸ್ತ್ರವಾಗಿಸದೆ, ಸಂಬಂಧ ನೋಡುವ ಮೊದಲೇ ಕೇಳಿರಿ. ಇಷ್ಟವಿಲ್ಲದ ಮದುವೆಯ ದೂರು ತಂದ ಖನ್ಸಾ(ರ)ರ ನಿಕಾಹನ್ನು ಪ್ರವಾದಿ(ಸ)ರು ರದ್ದುಪಡಿಸಿದರೆಂದು ಬುಖಾರಿಯಲ್ಲಿದೆ. ಮೂರನೆಯದಾಗಿ, ಜಮಾಅತ್‌ನಲ್ಲಿ ಇಬ್ಬರು ಹಿರಿಯರೂ ಇಬ್ಬರು ವಿದ್ಯಾವಂತ ಮಹಿಳೆಯರೂ ಇರುವ ಸಣ್ಣ ಸಮಿತಿಯಿರಲಿ. ಹೆದರಿದ ಮಗಳು ಬರಲು ಒಂದು ಬಾಗಿಲು, ಕುದಿಯುವ ತಂದೆ ಕುಳಿತು ಅಳಲು ಒಂದು ಜಾಗ ಬೇಕು. ಜೀವಕ್ಕೆ ಅಪಾಯವೆಂದು ಕಂಡರೆ ಆ ಸಮಿತಿಯೇ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು. ಇದು ಸಮುದಾಯದ್ರೋಹವಲ್ಲ, ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನ್‌ನ ಬೋಧನೆಯ ಪಾಲನೆ. ನಾಲ್ಕನೆಯದಾಗಿ, ಕೊಲೆ ನಡೆದರೆ ಕಂಡವರು ಸಾಕ್ಷಿ ಹೇಳಲಿ. ಕೊಂದವರ ಪರ ಚಂದಾ ಎತ್ತುವುದು ನಿಲ್ಲಲಿ. ಸತ್ತ ದಲಿತ ಯುವಕನ ಮನೆಗೆ ಜಮಾಅತ್‌ನ ಅಧ್ಯಕ್ಷರು ಮೊದಲು ಹೋಗಲಿ.

ಮಗಳು ಮನೆ ಬಿಟ್ಟು ಹೋದಳೆಂದರೆ ತಂದೆ ತಾಯಿಯ ಎದೆ ಒಡೆಯುತ್ತದೆ. ಆ ನೋವನ್ನು ನಾವು ಸಣ್ಣದೆನ್ನುವುದಿಲ್ಲ. ಆಕೆಯೊಂದಿಗೆ ಮಾತು ಬಿಡಿ, ಬೇಕಿದ್ದರೆ ಮನೆಯ ಬಾಗಿಲು ಮುಚ್ಚಿರಿ, ಅಲ್ಲಾಹನ ಮುಂದೆ ಕೈಯೆತ್ತಿ ಅಳಿರಿ. ಬದುಕಿರುವ ಮಗಳು ಎಂದಾದರೂ ಮರಳಿ ಬಂದಾಳು, ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಾಳು. ಗುಂಡಕನಾಳದ ಹುಡುಗಿ ಬಂದದ್ದೂ ಹಾಗೆಯೇ. ಇನ್ನೊಮ್ಮೆ ನಮ್ಮ ಯಾವುದಾದರೂ ಊರಿನ ಬಾಗಿಲಲ್ಲಿ ಅಂತಹ ಮಗಳೊಬ್ಬಳು ನಿಂತಾಗ, ಅಕ್ಕಪಕ್ಕದ ಮನೆಗಳಿಂದ ನಾಲ್ಕು ಮಂದಿ ಹೊರಬಂದು ನಡುವೆ ನಿಲ್ಲಬೇಕು. ಆ ನಾಲ್ಕು ಮಂದಿಯಾಗುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.