ಕಲ್ಲಿನ ಕೆಳಗೆ ಏನಿದೆ? – ಅಂತರಜಾಲದಲ್ಲಿ ಹುಡುಕುವ ಬಗೆ



ನಿಮ್ಮ ಊರಿನ ಕೆರೆ ಏರಿಯ ಮೇಲೋ, ದೇವಸ್ಥಾನದ ಮುಂದೆಯೋ, ಹೊಲದ ಬದುವಿನಲ್ಲೋ ಅರ್ಧ ಹೂತುಹೋದ ಒಂದು ಕಲ್ಲು ನಿಂತಿರಬಹುದು. ಅದರ ಕೆಳಭಾಗದಲ್ಲಿ ಆಯುಧ ಹಿಡಿದು ಹೋರಾಡುವ ಮನುಷ್ಯ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ ಮತ್ತು ಚಂದ್ರ. ನಡುನಡುವೆ ನಮಗೆ ಓದಲು ಬಾರದ ಅಕ್ಷರಗಳ ಸಾಲು. ಇದೇ ವೀರಗಲ್ಲು. ಇಂಥ ಒಂದು ಕಲ್ಲಿನ ಕಥೆಯಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ.

ಅದು ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿ. ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬನಿಗೆ ತಮ್ಮೂರ ಕೆರೆ ಏರಿಯ ಕಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯುವ ಆಸೆಯಾಯಿತು. ಒಳ್ಳೆಯ ಆಸೆಯೇ. ಮೊಬೈಲ್ ಫೋನಿನಲ್ಲಿ ಹಳೆಯ ಕಲ್ಲುಗಳ ಬಗ್ಗೆ ಒಂದು ವಿಡಿಯೋ ನೋಡಿದ. ಅದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿಯೇ ಬಂತು. ಎರಡನೆಯದರಲ್ಲಿ ಕಲ್ಲಿನ ಗುರುತುಗಳ ‘ರಹಸ್ಯ’ವಿತ್ತು. ಮೂರನೆಯದರಲ್ಲಿ ನಿಧಿಯ ಮಾತು ಬಂತು. ವಾರ ಕಳೆಯುವಷ್ಟರಲ್ಲಿ ಫೋನು ತೆರೆದರೆ ಸಾಕು, ಸೂರ್ಯ ಚಂದ್ರರ ಗುರುತಿರುವ ಕಲ್ಲಿನ ಅಡಿಯಲ್ಲಿ ಚಿನ್ನವಿರುತ್ತದೆ ಎನ್ನುವ ವಿಡಿಯೋಗಳೇ ಕಾಣತೊಡಗಿದವು. ಅವನು ಗೆಳೆಯರಿಗೆ ತೋರಿಸಿದ. ಗೆಳೆಯರು ಇನ್ನಷ್ಟು ಜನರಿಗೆ ಹೇಳಿದರು. ಒಂದು ಬೆಳಿಗ್ಗೆ ನೋಡಿದರೆ ಕಲ್ಲಿನ ಬುಡದಲ್ಲಿ ಮೊಣಕಾಲುದ್ದದ ಗುಂಡಿ. ಕಲ್ಲು ಒಂದು ಕಡೆಗೆ ವಾಲಿತ್ತು. ಹಾರೆಯ ಏಟಿಗೆ ಅದರ ಮೂಲೆಯೊಂದು ಪುಡಿಯಾಗಿ, ನಾಲ್ಕಾರು ಅಕ್ಷರಗಳು ಹೋಗಿದ್ದವು.

ಅಗೆದವರು ಯಾರೆಂದು ಗೊತ್ತಾಗಲಿಲ್ಲ. ಹುಡುಗನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ನನ್ನ ಬಳಿಗೆ ಬಂದು ಹೇಳಿದ: “ಮೇಷ್ಟ್ರೇ, ಕಲ್ಲಿನ ಮೇಲೆ ಏನು ಬರೆದಿದೆ ಅಂತ ನಾನು ಕೇಳಿದ್ದು. ಕಲ್ಲಿನ ಕೆಳಗೆ ಏನಿದೆ ಅಂತ ನಾನು ಕೇಳಲೇ ಇಲ್ಲ.”

ಈ ಮಾತನ್ನು ನೀವೂ ಸ್ವಲ್ಪ ಯೋಚಿಸಿ ನೋಡಿ. ಹುಡುಗನ ಕೈಯಲ್ಲಿ ಒಂದು ಪ್ರಶ್ನೆಯಿತ್ತು. ಅವನಿಗೆ ಗೊತ್ತಾಗದ ಹಾಗೆ ಅದು ಬದಲಾಗಿಬಿಟ್ಟಿತು. ಹೇಗೆ ಬದಲಾಯಿತು?

ಇಂಥ ತಾಣಗಳಲ್ಲಿ ಮುಂದಿನ ವಿಡಿಯೋ ಯಾವುದೆಂದು ಆರಿಸುವುದು ಒಂದು ತಂತ್ರಾಂಶ. ಅದಕ್ಕೆ ಹುಡುಗನ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ವೀರಗಲ್ಲಿನ ಚರಿತ್ರೆ ಅದಕ್ಕೆ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಲೆಕ್ಕ. ನೀವು ಯಾವುದನ್ನು ಮುಟ್ಟಿದಿರಿ, ಎಷ್ಟು ಹೊತ್ತು ನೋಡಿದಿರಿ, ಎಲ್ಲಿ ಬಿಟ್ಟಿರಿ ಎಂಬುದನ್ನು ಅದು ದಾಖಲಿಸಿಕೊಳ್ಳುತ್ತದೆ. ನಿಮ್ಮಂತೆಯೇ ನೋಡಿದ ಲಕ್ಷಾಂತರ ಮಂದಿ ಆಮೇಲೆ ಏನು ನೋಡಿದರು ಎಂದು ಹೋಲಿಸುತ್ತದೆ. ನೀವು ಯಾವುದನ್ನು ಹೆಚ್ಚು ಹೊತ್ತು ನೋಡುವ ಸಂಭವವಿದೆ ಎಂದು ಊಹಿಸಿ, ಅದನ್ನು ನಿಮ್ಮ ಮುಂದಿಡುತ್ತದೆ. 2005ರಲ್ಲಿ ಆರಂಭವಾದ ಯೂಟ್ಯೂಬ್ 2012ರಲ್ಲಿ ತನ್ನ ಎಣಿಕೆಯ ಕ್ರಮವನ್ನು ಬದಲಿಸಿ, ಎಷ್ಟು ಸಲ ನೋಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿತು. ಪ್ರೇಕ್ಷಕರಿಗೆ ತೃಪ್ತಿಯಾಯಿತೇ ಎಂದು ಕೇಳಿ ತಿಳಿಯುವ ಏರ್ಪಾಡನ್ನೂ ಮುಂದೆ ಸೇರಿಸಲಾಯಿತು. 2016ರಲ್ಲಿ ಇನ್‌ಸ್ಟಾಗ್ರಾಂ ಕೂಡ, ಗೆಳೆಯರ ಚಿತ್ರಗಳನ್ನು ಹಾಕಿದ ಸಮಯದ ಕ್ರಮದಲ್ಲೇ ತೋರಿಸುವುದನ್ನು ಬಿಟ್ಟು, ನಿಮಗೆ ಯಾವುದು ಹಿಡಿಸೀತು ಎಂಬ ಊಹೆಯ ಕ್ರಮದಲ್ಲಿ ತೋರಿಸತೊಡಗಿತು. ಈ ತಾಣಗಳ ಆದಾಯ ಬಹುಪಾಲು ಜಾಹೀರಾತಿನಿಂದ ಬರುತ್ತದೆ. ನೀವು ಹೆಚ್ಚು ಹೊತ್ತು ಕುಳಿತಷ್ಟೂ ಹೆಚ್ಚು ಜಾಹೀರಾತು.

ಸಂತೆಯಲ್ಲಿ ಗಂಟಲು ಜೋರಾಗಿರುವವನ ಅಂಗಡಿಯ ಮುಂದೆ ಜನ ನಿಲ್ಲುತ್ತಾರೆ. ಶಾಸನದ ವಿಷಯ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿಧಿಯ ಕಥೆ ಮುಗಿಯುವುದೇ ಇಲ್ಲ, ಏಕೆಂದರೆ ಅದು ಸಿಗುವುದೇ ಇಲ್ಲ. ಹೊತ್ತನ್ನು ಅಳೆಯುವ ಯಂತ್ರ ಯಾವುದನ್ನು ಮುಂದಿಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ‘ಇದನ್ನು ನೋಡು’ ಎಂದು ಸೂಚಿಸುವುದೇ ತಪ್ಪೇ? ತಪ್ಪಲ್ಲ. ಒಳ್ಳೆಯ ಗ್ರಂಥಪಾಲಕನೂ ಸೂಚಿಸುತ್ತಾನೆ. ಈ ಕೆಲಸಕ್ಕೆ ಒಂದು ಶಾಸ್ತ್ರವನ್ನೇ ಕಟ್ಟಿಕೊಟ್ಟವರು ಎಸ್.ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಅವರು ಮೊದಲು ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎರಡು ನಮಗೆ ಇಂದು ಬೇಕು. ಪ್ರತಿಯೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ, ಅದು ಅವನಿಗೆ ಸಿಗುವಂತೆ ಮಾಡಬೇಕು ಎಂಬ ಆಶಯ ಒಂದರದು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಇನ್ನೊಂದರ ಆಶಯ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಗ್ರಂಥಪಾಲಕ ನಿಮಗೆ ಬೇಕಾದದ್ದನ್ನು ಬೇಗ ಕೈಗಿಟ್ಟು ಮನೆಗೆ ಕಳುಹಿಸಿದರೆ ಅವನ ಕೆಲಸ ಗೆದ್ದಂತೆ. ನೀವು ಮನೆಯನ್ನೇ ಮರೆತು ಕುಳಿತರೆ ಆ ಯಂತ್ರದ ಕೆಲಸ ಗೆದ್ದಂತೆ. ಅಂತರಜಾಲದಲ್ಲಿ ನೀವು ಯಾವ ತಾಣಕ್ಕೇ ಹೋಗಿ, ಅದು ನಿಮ್ಮ ಸಮಯವನ್ನು ಉಳಿಸುತ್ತಿದೆಯೋ ಹಿಡಿದಿಡುತ್ತಿದೆಯೋ ಎಂದು ಕೇಳಿಕೊಳ್ಳಿ. ಅರ್ಧ ವಿವೇಕ ಅಲ್ಲಿಯೇ ಬರುತ್ತದೆ.

ಈಗ ಆ ಹುಡುಗನೂ ನಾನೂ ಏನು ಮಾಡಿದೆವು, ಹೇಳುತ್ತೇನೆ. ಮೊದಲು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಒಂದು ಹಾಳೆಯ ಮೇಲೆ ಪ್ರಶ್ನೆಯನ್ನು ಬರೆದೆವು: ‘ನಮ್ಮ ಕೆರೆ ಏರಿಯ ಕಲ್ಲಿನಲ್ಲಿ ಏನು ಬರೆದಿದೆ?’ ಅದರ ಕೆಳಗೆ ಎರಡನೆಯ ಪ್ರಶ್ನೆ: ‘ಇದನ್ನು ಯಾರಾದರೂ ಮೊದಲೇ ಓದಿರಬಹುದೇ?’ ಹುಡುಕಾಟದ ಕೀಲಿಕೈ ಈ ಎರಡನೆಯ ಪ್ರಶ್ನೆಯಲ್ಲಿದೆ. ಜಗತ್ತಿನ ಬಹಳಷ್ಟು ವಿಷಯಗಳನ್ನು ಯಾರೋ ಒಬ್ಬರು ಶ್ರಮಪಟ್ಟು ಮೊದಲೇ ನೋಡಿ ಬರೆದಿಟ್ಟಿದ್ದಾರೆ. ಆ ‘ಯಾರೋ ಒಬ್ಬರ’ ಹೆಸರು ಸಿಕ್ಕರೆ ದಾರಿ ಸಿಕ್ಕಂತೆ.

ಮೈಸೂರು ಸಂಸ್ಥಾನದ ಶಾಸನಗಳ ಮಟ್ಟಿಗೆ ಆ ಹೆಸರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಊರೂರುಗಳ ಶಾಸನಗಳನ್ನು ಪ್ರತಿ ಮಾಡಿಸಿದರು. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಪ್ರಕಟಿಸಿದರು. ಈ ಸಂಪುಟಗಳು ಬಹುಮಟ್ಟಿಗೆ ಜಿಲ್ಲೆಯ ಪ್ರಕಾರ, ಅದರೊಳಗೆ ತಾಲ್ಲೂಕಿನ ಪ್ರಕಾರ ಜೋಡಿಸಿದಂಥವು. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿ ಇವುಗಳ ಪುಟಗಳ ಪ್ರತಿಗಳನ್ನು ಹಣ ಕೊಡದೆ ಓದಬಹುದು.

ಆದರೆ ಹುಡುಗ ‘ಚಿಕ್ಕಮಗಳೂರು ಜಿಲ್ಲೆ’ ಎಂದು ಹುಡುಕಿದಾಗ ಸಂಪುಟ ಸಿಗಲಿಲ್ಲ. ಏಕೆ ಗೊತ್ತೇ? ರೈಸ್ ಅವರ ಕಾಲದಲ್ಲಿ ಆ ಜಿಲ್ಲೆಯ ಹೆಸರು ‘ಕಡೂರು ಜಿಲ್ಲೆ’. ಹಳೆಯ ಹೆಸರನ್ನು ಕೊಟ್ಟೊಡನೆ 1901ರ ಆರನೆಯ ಸಂಪುಟ ಎದುರಿಗೆ ಬಂತು. ಇದನ್ನು ನೆನಪಿಡಿ. ಹುಡುಕುವ ಯಂತ್ರ ನೀವು ಕೊಟ್ಟ ಪದವನ್ನು ಹಿಡಿದುಕೊಂಡು ಹೋಗುತ್ತದೆ. ಸರಿಯಾದ ಪದ ಗೊತ್ತಾಗಬೇಕಾದರೆ ಸ್ವಲ್ಪ ಚರಿತ್ರೆ, ಸ್ವಲ್ಪ ಭೂಗೋಳ ನಿಮ್ಮ ತಲೆಯಲ್ಲಿರಬೇಕು. ಓದಿದವನಿಗೆ ಅಂತರಜಾಲ ಹೆಚ್ಚು ಕೊಡುತ್ತದೆ.

ಸಂಪುಟದಲ್ಲಿ ತಾಲ್ಲೂಕು ಹಿಡಿದು ಊರನ್ನು ಹುಡುಕಿದೆವು. ಸುಮಾರು ಒಂದು ಗಂಟೆ ಹಿಡಿಯಿತು. ಕೆರೆ ಏರಿಯ ಕಲ್ಲು ಅಲ್ಲಿತ್ತು. ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷಿನಲ್ಲಿ ಅನುವಾದ. ‘ತುರು’ ಎಂಬ ಪದ ಹುಡುಗನಿಗೆ ತಿಳಿಯಲಿಲ್ಲ. 1894ರ ಕಿಟ್ಟೆಲ್ ನಿಘಂಟನ್ನೂ ಅದೇ ತಾಣದಲ್ಲಿ ತೆರೆದು ನೋಡಿದ: ತುರು ಎಂದರೆ ಹಸು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ, ದನಗಳನ್ನು ಬಿಡಿಸಿ, ತಾನು ಸತ್ತ ಒಬ್ಬ ಸಾಮಾನ್ಯ ಮನುಷ್ಯನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಸೂರ್ಯ ಚಂದ್ರರ ಗುರುತಿಗೂ ಅರ್ಥವಿತ್ತು: ಅವರಿರುವ ತನಕ ಈ ನೆನಪು ಉಳಿಯಲಿ ಎಂದು.

ಹಾರೆಯ ಏಟಿಗೆ ಪುಡಿಯಾದ ಆ ನಾಲ್ಕಾರು ಅಕ್ಷರಗಳು? ಅವು ಸತ್ತವನ ಹೆಸರಿನ ಕೊನೆಯ ಭಾಗವಾಗಿದ್ದವು. ಕಲ್ಲಿನ ಮೇಲೆ ಈಗ ಅವಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಯಾರೋ ಬಿಸಿಲಿನಲ್ಲಿ ಕುಳಿತು ಪ್ರತಿ ಮಾಡಿಕೊಂಡು ಹೋದದ್ದರಿಂದ ಪುಸ್ತಕದಲ್ಲಿ ಉಳಿದಿವೆ. ಹುಡುಗ ಆ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದ. ರಂಗನಾಥನ್ ಅವರ ಸೂತ್ರ ನನಗೆ ನೆನಪಾಯಿತು. ಆ ಪುಟಕ್ಕೆ ಬೇಕಾಗಿದ್ದ ಓದುಗ ಸಿಕ್ಕಿದ್ದ.

ನಿಮ್ಮ ಆಸಕ್ತಿ ಶಾಸನಗಳಲ್ಲೇ ಇರಬೇಕೆಂದಿಲ್ಲ. ಪ್ರತಿ ವಿಷಯಕ್ಕೂ ಇಂಥ ಕಣಜಗಳಿವೆ. ಎಂಜಿನಿಯರಿಂಗ್ ಮತ್ತು ವಿಜ್ಞಾನ ಓದುವವರಿಗೆ 2003ರಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳಿವೆ. ಖರಗ್‌ಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ರೂಪಿಸಿದ ಭಾರತವಾಣಿಯಲ್ಲಿ ನಿಘಂಟುಗಳಿವೆ. ಕರ್ನಾಟಕ ಸರ್ಕಾರದ ‘ಕಣಜ’ವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವಿದೆ. ವಿಕಿಪೀಡಿಯದ ಲೇಖನವನ್ನು ಓದಿ ಅಲ್ಲಿಗೇ ನಿಲ್ಲಬೇಡಿ; ಅದರ ಕೊನೆಯ ಉಲ್ಲೇಖಗಳ ಪಟ್ಟಿಗೆ ಇಳಿಯಿರಿ. ಒಳ್ಳೆಯ ಲೇಖಕ ತಾನು ಎಲ್ಲಿಂದ ತಿಳಿದೆ ಎಂದು ಹೇಳುತ್ತಾನೆ. ಆ ಅಡಿಟಿಪ್ಪಣಿಯೇ ನಿಮಗೆ ನಿಜವಾದ ಶಿಫಾರಸು.

ಸಿಕ್ಕಿದ್ದನ್ನು ನಂಬುವ ಮುನ್ನ ಮೂರು ಪ್ರಶ್ನೆ ಕೇಳಿ. ಹೇಳುತ್ತಿರುವವರು ಯಾರು? ಅವರಿಗೆ ಅದು ಹೇಗೆ ತಿಳಿಯಿತು? ಬೇರೆ ಯಾರಾದರೂ ಅದನ್ನೇ ಹೇಳಿದ್ದಾರೆಯೇ? ರೈಸ್ ಅವರಿಗೂ ಈ ಪ್ರಶ್ನೆ ಹಾಕಬೇಕು. ಅವರ ಓದಿನಲ್ಲಿ ತಪ್ಪುಗಳಿದ್ದವು, ಎಷ್ಟೋ ಕಲ್ಲುಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆದ್ದರಿಂದಲೇ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಈ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಬೇಕಾಯಿತು. ನಿಧಿಯ ವಿಡಿಯೋಗಳಿಗೂ ಪುಸ್ತಕಕ್ಕೂ ಇರುವ ವ್ಯತ್ಯಾಸ ಇದು: ಪುಸ್ತಕವನ್ನು ಕಲ್ಲಿನ ಮುಂದೆ ಹಿಡಿದು, ಸರಿಯೋ ತಪ್ಪೋ ಎಂದು ನೋಡಬಹುದು.

ಇನ್ನು ಕೆಲವು ಸಣ್ಣ ಕೆಲಸಗಳು. ಮುಂದಿನ ವಿಡಿಯೋ ತಾನಾಗಿಯೇ ಬರುವ ವ್ಯವಸ್ಥೆಯನ್ನು ನಿಲ್ಲಿಸಿ, ಅದಕ್ಕೆ ಗುಂಡಿಯಿದೆ. ನೀವು ನೋಡಿದ್ದರ ದಾಖಲೆಯನ್ನು ಅಳಿಸಿ, ದಾಖಲಿಸುವುದನ್ನೂ ನಿಲ್ಲಿಸಬಹುದು. ಹಾಗೆ ಮಾಡಿದವರ ಮೊದಲ ಪುಟದಲ್ಲಿ ಶಿಫಾರಸುಗಳನ್ನು ತೋರಿಸುವುದಿಲ್ಲ ಎಂದು 2023ರಲ್ಲಿ ಯೂಟ್ಯೂಬ್ ಪ್ರಕಟಿಸಿತು. ಹುಡುಕುವಾಗ ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದರೆ ಅದೇ ಹೆಸರಿರುವ ಪುಟಗಳು ಹೆಚ್ಚಾಗಿ ಸಿಗುತ್ತವೆ. ಒಂದು ನೋಟ್ ಪುಸ್ತಕವಿಟ್ಟು, ನಿಮಗೆ ಉಪಯೋಗವಾದ ತಾಣಗಳ ಹೆಸರನ್ನೂ ಅದು ಏಕೆ ಒಳ್ಳೆಯದೆಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಗೆಳೆಯರೊಡನೆ ಆ ಪಟ್ಟಿಯನ್ನು ಬದಲಾಯಿಸಿಕೊಳ್ಳಿ. ನಿಮ್ಮನ್ನು ಬಲ್ಲವರು ಕೊಟ್ಟ ಹೆಸರಿಗೆ ಬೆಲೆಯಿದೆ.

ಒಂದು ಹಾಡು ಕೇಳಲು, ದಣಿವಾರಿಸಿಕೊಳ್ಳಲು ಯಂತ್ರ ತೋರಿಸಿದ್ದನ್ನು ನೋಡಿದರೆ ಯಾರೂ ಕೆಡುವುದಿಲ್ಲ. ಕೆಲವೊಮ್ಮೆ ಒಳ್ಳೆಯದೂ ಸಿಗುತ್ತದೆ. ಆದರೆ ನಿಮ್ಮಲ್ಲಿ ಒಂದು ಪ್ರಶ್ನೆ ಹುಟ್ಟಿದ ದಿನ ಅದನ್ನು ಯಂತ್ರದ ಕೈಗೆ ಕೊಡಬೇಡಿ. ಹಾಳೆಯ ಮೇಲೆ ಬರೆದುಕೊಂಡು ಹೊರಡಿ, ಅರ್ಧ ಗಂಟೆಯಾದ ಮೇಲೆ ಹಾಳೆಯನ್ನೊಮ್ಮೆ ತಿರುಗಿ ನೋಡಿ. ಪ್ರಶ್ನೆ ಅದೇ ಇದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಆ ಹುಡುಗ ಶಾಸನದ ಪಾಠವನ್ನೂ ಅದರ ಅರ್ಥವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ಊರಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಿದ. ದನ ಕಾಯಲು ಸತ್ತವನ ಕಥೆಯನ್ನು ಹಾಲು ಹಾಕಲು ಬಂದವರು ನಿಂತು ಓದಿದರು. ಮರುವಾರ ನಾಲ್ಕು ಜನ ಸೇರಿ ಗುಂಡಿ ಮುಚ್ಚಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ನಿಮ್ಮ ಊರಿನ ಕಲ್ಲಿನಲ್ಲಿ ಏನು ಬರೆದಿದೆ? ಈ ಭಾನುವಾರ ಹೋಗಿ ನೋಡಿ ಬನ್ನಿ. ಹುಡುಕುವುದನ್ನು ಅಲ್ಲಿಂದಲೇ ಆರಂಭಿಸಬಹುದು.