ಎದೆ ಡವಡವ ಎಂದಾಗ ಕೊಡುವ ಸಣ್ಣ ಮಾತ್ರೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ಮಾಹಿತಿಗಾಗಿ ಆಡಿದ ಮಾತುಗಳು)



ಉಳಿತಾಯ, ಸಾಲ ಮರುಪಾವತಿ ಎಲ್ಲದರ ಲೆಕ್ಕ ಮುಗೀತು. ಇನ್ನು ಅರ್ಧ ಗಂಟೆ ನಮಗೆ ಕೊಡಿ. ಇವತ್ತು ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಪ್ರತಿನಿಧಿ, ಕಾಫಿ ತೋಟದ ಲೈನ್ ಮನೆಯಲ್ಲಿದ್ದವರು, ಸಭೆ ಮುಗಿದ ಮೇಲೆ ಹಿಂದೆ ಉಳಿದು, "ಸಿಸ್ಟರ್, ಸುಮ್ಮನೆ ಕೂತಿದ್ರೂ ಎದೆ ಹೊಡ್ಕೊಳ್ತದೆ, ರಾತ್ರಿ ನಿದ್ದೆ ಇಲ್ಲ" ಅಂದರು. ಅವರ ಗಂಡನ ಕುಡಿತ, ಮಗಳ ಮದುವೆಯ ಸಾಲ ನಮಗೆ ಗೊತ್ತಿತ್ತು. ಚಿಂತೆಯಿಂದಲೇ ಹೀಗಾಗುತ್ತಿದೆ ಎಂದು ತಿಳಿದು, "ಮನಸ್ಸಿಗೆ ಹಚ್ಕೋಬೇಡಿ ಅಕ್ಕ" ಎಂದು ಬೆನ್ನು ತಟ್ಟಿ ಕಳಿಸಿದೆವು. ಸಮಾಜಕಾರ್ಯದಲ್ಲಿ ಎಂ.ಎ. ಓದಿದ ನಾವು ಕೈ ಹಿಡಿದು ನಾಡಿ ಕೂಡ ನೋಡಲಿಲ್ಲ.

ಮೂರು ತಿಂಗಳಲ್ಲಿ ಅವರು ಅರ್ಧ ಆಗಿಹೋದರು. ಊಟ ಚೆನ್ನಾಗೇ ಮಾಡ್ತಿದ್ದರು, ಮೈ ಮಾತ್ರ ಇಳೀತಿತ್ತು. ಪುಸ್ತಕಕ್ಕೆ ಸಹಿ ಹಾಕುವಾಗ ಕೈ ನಡುಗುತ್ತಿತ್ತು. ಮಳೆಗಾಲದಲ್ಲೂ ಬೆವರು. ಆಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಡಿ ನಿಮಿಷಕ್ಕೆ 120 ಮೀರಿತ್ತು. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100 ಇರಬೇಕು. ಇ.ಸಿ.ಜಿ. ಮಾಡಿದರು, ರಕ್ತ ಪರೀಕ್ಷೆ ಮಾಡಿದರು. ಥೈರಾಯ್ಡ್ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತಿತ್ತು. ಚಿಂತೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಚಿಂತೆ ಇದೆ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ.

ವೈದ್ಯರು ಎರಡು ಮಾತ್ರೆ ಬರೆದುಕೊಟ್ಟರು. ಒಂದು ಥೈರಾಯ್ಡ್ ತಗ್ಗಿಸಲು. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಎದೆಬಡಿತ, ನಡುಕ ತಡೆಯಲು ಇನ್ನೊಂದು, ಪ್ರೊಪ್ರನೊಲಾಲ್. ಇದು ಬೀಟಾ ಬ್ಲಾಕರ್ ಎಂಬ ಗುಂಪಿನ ಔಷಧಿ. ಮೆಟೊಪ್ರೊಲಾಲ್, ಅಟೆನೊಲಾಲ್ ಕೂಡ ಇದೇ ಗುಂಪಿನವು. ನಿಮ್ಮಲ್ಲಿ ಬಿ.ಪಿ.ಗೆ ಮಾತ್ರೆ ನುಂಗುವ ಕೆಲವರ ಚೀಲದಲ್ಲಿ ಇರಬಹುದು, ಮನೆಗೆ ಹೋಗಿ ಹೆಸರು ಓದಿಸಿ ನೋಡಿ.

ಇದು ಹೇಗೆ ಕೆಲಸ ಮಾಡುತ್ತದೆ? ಹಾವು ಕಂಡರೆ, ಆನೆ ಬಂತು ಅಂದರೆ ಎದೆ ಹಾರುತ್ತದಲ್ಲ, ಆಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಬಿಡುಗಡೆಯಾಗುತ್ತದೆ. ಅದು ಹೃದಯದ ಬಾಗಿಲು ತಟ್ಟಿ "ಓಡು, ಓಡು" ಅನ್ನುತ್ತದೆ. ಬೀಟಾ ಬ್ಲಾಕರ್ ಹೋಗಿ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಹೃದಯ ನಿಧಾನವಾಗಿ ಬಡಿಯುತ್ತದೆ, ಅದರ ದುಡಿಮೆ ಕಡಿಮೆಯಾಗುತ್ತದೆ. ಪ್ರೊಪ್ರನೊಲಾಲನ್ನು 1960ರ ದಶಕದಲ್ಲಿ ರೂಪಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು.

ನಮ್ಮ ಅಕ್ಕನಿಗೆ ಕೆಲವೇ ದಿನಗಳಲ್ಲಿ ಎದೆಬಡಿತ ಇಳಿಯಿತು. ನಿದ್ದೆ ಬಂತು. ಎರಡನೆಯ ತಪ್ಪು ನಡೆದದ್ದೂ ಆಗಲೇ. "ಗುಣ ಆಯ್ತು, ದುಡ್ಡು ಯಾಕೆ ದಂಡ" ಅಂತ ಎರಡೂ ಮಾತ್ರೆ ನಿಲ್ಲಿಸಿಬಿಟ್ಟರು. ಉಳಿದ ಮಾತ್ರೆಗಳನ್ನು ನಾದಿನಿಗೆ ಕೊಟ್ಟರು. ಅವಳಿಗೂ ಎದೆ ಡವಡವ ಅಂತಿತ್ತು. ಕೊಟ್ಟದ್ದು ಪ್ರೀತಿಯಿಂದಲೇ. ಆದರೆ ನಾದಿನಿಗೆ ಚಿಕ್ಕಂದಿನಿಂದ ದಮ್ಮು ಇತ್ತು.

ಈ ಔಷಧಿ ಹೃದಯದ ಬಾಗಿಲಿಗೆ ಮಾತ್ರ ಅಡ್ಡ ನಿಲ್ಲುವುದಿಲ್ಲ. ಶ್ವಾಸಕೋಶದ ಕೊಳವೆಗಳನ್ನು ಅಗಲವಾಗಿ ಇಡುವುದೂ ಅದೇ ಅಡ್ರಿನಲಿನ್. ಅದನ್ನು ತಡೆದರೆ ದಮ್ಮು ಇರುವವರ ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಆ ರಾತ್ರಿ ತೋಟದ ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಹಾಕಿಕೊಂಡು ಹೋಗಿ, ಆಮ್ಲಜನಕ ಕೊಟ್ಟು ಅವಳನ್ನು ಉಳಿಸಿದರು. ಇತ್ತ ಅಕ್ಕನಿಗೂ ವಾರ ಕಳೆಯುವಷ್ಟರಲ್ಲಿ ಎದೆಬಡಿತ ಮರುಕಳಿಸಿತು. ಇಬ್ಬರೂ ಇವತ್ತು ಚೆನ್ನಾಗಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಹೆಸರು ಕೇಳಬೇಡಿ.

ಆದ್ದರಿಂದ ವೈದ್ಯರು ಈ ಮಾತ್ರೆ ಬರೆಯುವ ಮೊದಲೇ ನೀವಾಗಿ ಬಾಯಿಬಿಟ್ಟು ಹೇಳಬೇಕು: ದಮ್ಮು ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಬಸುರಿಯೇ, ಎದೆಹಾಲು ಕುಡಿಸುತ್ತಿದ್ದೀರಾ, ಬೇರೆ ಯಾವ ಮಾತ್ರೆ ನಡೀತಿದೆ. ಸಕ್ಕರೆ ಕಾಯಿಲೆಯ ವಿಷಯ ಸ್ವಲ್ಪ ಸೂಕ್ಷ್ಮ. ಇನ್ಸುಲಿನ್ ಅಥವಾ ಮಾತ್ರೆಯಿಂದ ಸಕ್ಕರೆ ಅಂಶ ತೀರಾ ಇಳಿದಾಗ ಎದೆ ಹೊಡೆದುಕೊಂಡು, ಕೈ ನಡುಗಿ ನಮ್ಮನ್ನು ಎಚ್ಚರಿಸುತ್ತದೆ. ಬೀಟಾ ಬ್ಲಾಕರ್ ಆ ಎಚ್ಚರಿಕೆಯನ್ನೇ ಮುಚ್ಚಿಹಾಕಬಹುದು. ಬೆವರು ಮಾತ್ರ ಬರುತ್ತದೆ. ಇದ್ದಕ್ಕಿದ್ದಂತೆ ತಣ್ಣನೆ ಬೆವರಿದರೆ ಪರೀಕ್ಷೆ ಮಾಡಿಸಿ. ಅನುಕೂಲ ಇಲ್ಲದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಯಿರಿ.

ತಾನಾಗಿ ನಿಲ್ಲಿಸುವುದಂತೂ ಬೇಡವೇ ಬೇಡ. ಹೃದಯದ ರಕ್ತನಾಳದ ತೊಂದರೆ ಇರುವವರು ಥಟ್ಟನೆ ಬಿಟ್ಟರೆ ಎದೆನೋವು, ಹೃದಯಾಘಾತವೂ ಆಗಬಹುದು. ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸುತ್ತಾರೆ. ಎಲ್ಲರೂ ಜೀವನಪೂರ್ತಿ ನುಂಗಬೇಕು ಅಂತಲೂ ಇಲ್ಲ. ನಮ್ಮ ಅಕ್ಕನಿಗೆ ಥೈರಾಯ್ಡ್ ಹತೋಟಿಗೆ ಬಂದ ಮೇಲೆ ನಿಲ್ಲಿಸಿದರು. ಒಂದು ಹೊತ್ತು ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಮೊದಮೊದಲು ಸುಸ್ತು, ಕೈಕಾಲು ತಣ್ಣಗಾಗುವುದು, ಥಟ್ಟನೆ ಎದ್ದರೆ ತಲೆ ಸುತ್ತುವುದು, ವಿಚಿತ್ರ ಕನಸು ಬೀಳುವುದು ಉಂಟು. ನಾಡಿ 50ಕ್ಕಿಂತ ಕೆಳಗಿಳಿದರೆ, ಕಣ್ಣು ಕತ್ತಲೆ ಬಂದರೆ ಅಥವಾ ಉಸಿರು ಕಟ್ಟಿದರೆ ಮುಂದಿನ ಮಾತ್ರೆಗೆ ಮೊದಲೇ ವೈದ್ಯರನ್ನು ಕಾಣಿ.

ಇನ್ನೊಂದು ಮಾತು. ಎದೆಬಡಿತಕ್ಕೆಲ್ಲ ಈ ಮಾತ್ರೆ ಅಲ್ಲ. ನಮ್ಮ ಹೆಂಗಸರಲ್ಲಿ ಎಷ್ಟೋ ಜನರಿಗೆ ರಕ್ತಹೀನತೆಯಿಂದಲೇ ಏರು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆ ಬೇಕು. ಊಟವಾದ ತಕ್ಷಣ ಕಾಫಿ ಕುಡಿದರೆ ಆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ದಿನಕ್ಕೆ ಏಳೆಂಟು ಲೋಟ ಕಾಫಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಇವೂ ಎದೆ ಹಾರಿಸುತ್ತವೆ. ನಗ್ತಿದ್ದೀರಿ, ಯಾರ ಸೆರಗಿನ ಗಂಟಲ್ಲಿ ಏನಿದೆ ಅಂತ ನಮಗೆ ಗೊತ್ತು!

ಎದೆಬಡಿತದ ಜೊತೆ ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಕೂತಲ್ಲೇ ಏದುಸಿರು ಬಂದರೆ ಸಂಘದ ಸಭೆಗೆ ಕಾಯಬೇಡಿ, ನಮಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬಂದುಹೋಗುವ ಬಡಿತ ಇ.ಸಿ.ಜಿ.ಯಲ್ಲಿ ಕಾಣದೇ ಇರಬಹುದು. ಯಾವ ದಿನ, ಎಷ್ಟು ಹೊತ್ತು, ಏನು ಮಾಡುವಾಗ ಬಂತು ಎಂದು ಮಕ್ಕಳ ಕೈಲಿ ಬರೆಸಿಟ್ಟು ವೈದ್ಯರಿಗೆ ತೋರಿಸಿ. ಪರೀಕ್ಷೆಯ ಖರ್ಚಿಗೆ ಸಂಘದ ಆಂತರಿಕ ಸಾಲ ಕೇಳಲು ನಾಚಿಕೆ ಯಾಕೆ? ಹಸು ಕೊಳ್ಳಲು ಕೇಳುತ್ತೀರಲ್ಲ, ಹಾಗೇ ಕೇಳಿ.

ಈಗ ಎಲ್ಲರೂ ಪಕ್ಕದವರ ಕೈ ಹಿಡಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ನಿಮ್ಮ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿಂದ ನೋಡಬೇಡಿ, ಅದರಲ್ಲಿ ನಿಮ್ಮದೇ ನಾಡಿ ಹೊಡೆಯುತ್ತಿರುತ್ತದೆ. ಸಿಕ್ಕಿತಾ? ಸಿಗದವರು ಕೈ ಎತ್ತಿ, ಬಂದು ತೋರಿಸುತ್ತೇವೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ ಶುರು ಅಂತೀವಿ. ಪೂರ್ತಿ ಒಂದು ನಿಮಿಷ ಎಣಿಸಿ. ಯಾರೂ ಮಾತಾಡಬೇಡಿ.